ಮಂಗಳವಾರದ ಹರಕೆ

ಕಸ್ತೂರೆವ್ವ ಸುಳ್ಳೇ ಹೇಳದವಳು ಅಂತೇನೂ ಅಲ್ಲ. ಹೆಪ್ಪಿಗೆ ಮೊಸರು ಕೇಳಲು ಬಂದ ಬಾಜು ಮನೆಯ ರೇವವ್ವನಿಗೆ, ಗಡಿಗೆ ತುಂಬ ಮೊಸರಿಟ್ಟುಕೊಂಡೂ, ತೀರಿತು ನೋಡವ್ವ ಅಂದದ್ದುಂಟು. ಬೇಡದ ಬೀಗರು ಬರುತ್ತಾರೆಂದು ಗೊತ್ತಾದ ದಿನ ತಲೆನೋವೆಂದು ಮುಸುಕೆಳೆದು ಮಲಗಿದ್ದುಂಟು. ಇವೆಲ್ಲ ಸಂಸಾರದ ಸುಳ್ಳು. ಇಂಥವುಗಳಿಂದ ಯಾರ ಮನೆಯೂ ಮುರಿಯುವುದಿಲ್ಲ. ಆದರೆ ಈ ವರ್ಷ ಕಾರಹುಣ್ಣಿಮೆ ಕಳೆದ ವಾರ ಅವಳು ದೇವರ ಹೆಸರಿನಲ್ಲಿ ಒಂದು ಸುಳ್ಳು ಹೇಳಿದಳು. ಯಮನೂರಿಗೆ ಹರಕೆ ಹೊತ್ತಿದ್ದೇನೆ, ಹನ್ನೊಂದು ಮಂಗಳವಾರ ತಪ್ಪದೆ ನಡೆದುಕೊಳ್ಳಬೇಕು ಅಂದಳು. ಆ ಸುಳ್ಳು ಸೊಸೆಯನ್ನು ಮನೆ ಬಿಡಿಸಿತು.

ಅವಳು ಮಂಗಳವಾರ ಮಂಗಳವಾರ ಹೋಗುತ್ತಿದ್ದದ್ದು ಯಮನೂರಿಗಲ್ಲ, ನವಲಗುಂದದ ಸರಕಾರಿ ದವಾಖಾನೆಗೆ. ಬಿಪಿ ಗುಳಿಗೆ ನುಂಗಿ ನುಂಗಿ ವರ್ಷವಾಗಿತ್ತು, ಬಿಪಿ ಮಾತ್ರ ಹಠ ಹಿಡಿದ ಎಮ್ಮೆಯಂತೆ ಇದ್ದಲ್ಲೇ ನಿಂತಿತ್ತು. ನಿದ್ದೆ ಹೆಂಗ ಬರತೈತಿ ಎಂದು ಅಲ್ಲಿಯ ಡಾಕ್ಟರು ಕೇಳಿದಾಗ, ಆ ಪದಾರ್ಥ ಕಣ್ಣಿಲೆ ಕಂಡು ಎಷ್ಟು ದಿನಾತು ಅಂದಿದ್ದಳು. ಡಾಕ್ಟರು ನಗಲಿಲ್ಲ. ಎಕ್ಸರೇ ಕೋಣೆ ದಾಟಿದ ಮೇಲೆ ಬರುವ ಕೊನೆಯ ಖೋಲಿಗೆ ಚೀಟಿ ಬರೆದುಕೊಟ್ಟರು. ನಾಲ್ಕನೇ ಇಯತ್ತೆ ಓದಿದ ಕಸ್ತೂರೆವ್ವ ಆ ಖೋಲಿಯ ಬೋರ್ಡನ್ನು ಅಕ್ಷರ ಕೂಡಿಸಿಕೊಂಡು ಓದಿದಳು. 'ಮಾನಸಿಕ' ಎಂಬಲ್ಲಿಗೆ ಬರುತ್ತಲೇ ಸೆರಗು ಸಾವರಿಸಿಕೊಂಡು ಬಂದ ದಾರಿಗೆ ತಿರುಗಿದಳು. ಊರ ಆಶಾ ಕಾರ್ಯಕರ್ತೆ ರೋಹಿಣಿ ಜೊತೆಗೆ ಬಂದಿದ್ದಳಲ್ಲ, ಅವಳು ರಟ್ಟೆ ಹಿಡಿದು ನಿಲ್ಲಿಸದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ತಿರುಗಿ ಹೋಗದೆ ನಿಂತದ್ದಕ್ಕೆ ರೋಹಿಣಿಯ ರಟ್ಟೆಯ ಬಲವಷ್ಟೇ ಕಾರಣವಲ್ಲ. ಮೂರು ದಿನದ ಹಿಂದೆ ಮನೆಯಲ್ಲಿ ಒಂದು ಸಂಗತಿ ಆಗಿತ್ತು.

ಮನೆಯೆಂದರೆ ನಾಲ್ಕೇ ಜನ. ಗಂಡ ಶಂಭುಲಿಂಗಪ್ಪ ಎರೆಹೊಲದ ಒಕ್ಕಲುತನದವನು, ಹೆಸರು, ಹತ್ತಿ, ಕಡಲೆ ಬಿಟ್ಟರೆ ಬೇರೆ ವಿಚಾರಕ್ಕೆ ಬಾಯಿ ತೆರೆಯದ ಮನುಷ್ಯ. ಮಗ ಗೌರೀಶ ಅಣ್ಣಿಗೇರಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದ. ಸೊಸೆ ನಂದಾ ಕಲಘಟಗಿ ಕಡೆಯ ದೇವಿಕೊಪ್ಪದವಳು, ಅಂದರೆ ಭತ್ತ ಬೆಳೆದು ಅನ್ನ ಉಣ್ಣುವ ಸೀಮೆಯವಳು. ಜೋಳದ ರೊಟ್ಟಿ ಬಡಿಯುವುದು ಅವಳಿಗೆ ತವರಿನಿಂದ ಬಂದ ವಿದ್ಯೆಯಲ್ಲ. ನಾಲ್ಕು ವರ್ಷದಲ್ಲಿ ಕಲಿತಿದ್ದಳು, ಚೆನ್ನಾಗಿಯೇ ಕಲಿತಿದ್ದಳು, ಆದರೆ ಅತ್ತೆ ಎದುರಿಗೆ ಕುಂತರೆ ರೊಟ್ಟಿ ಅಂಚಿಗೆ ಸೀಳು ಬಿಡುತ್ತಿತ್ತು. ಒಲ್ಲದ ಗಂಡಗ ಮೊಸರಾಗ ಕಲ್ಲು ಅಂತಾರಲ್ಲ, ಅತ್ತೆಗೂ ಹಾಗೇ, ನಂದಾ ಮಾಡಿದ್ದರಲ್ಲೆಲ್ಲ ಕಲ್ಲು ಸಿಗುತ್ತಿತ್ತು.

ಅವತ್ತು ಒಂದು ರೊಟ್ಟಿ ಹೆಂಚಿನ ಮೇಲೆ ಎರಡು ಹೋಳಾಯಿತು. ಅಷ್ಟೇ. ಕಸ್ತೂರೆವ್ವನ ಕೈಯಲ್ಲಿದ್ದ ತಾಟು ಹಾರಿ ಹೋಗಿ ನಂದಾಳ ಮೊಣಕೈಗೆ ಬಡಿದು ಗೋಡೆಗೆ ಬಿತ್ತು. "ನಿಮ್ಮವ್ವ ನಿನ್ನ ಹಡದಳೋ, ತಿಪ್ಪ್ಯಾಗ ಆರಿಸಿಕೊಂಡಳೋ!" ಎಂದು ಬಾಯಿ ಚೀರಿತು. ನಂದಾ ಅಳಲಿಲ್ಲ. ಮೊಣಕೈ ಒತ್ತಿಕೊಂಡು ಮುಂದಿನ ಉಂಡೆ ಹಿಟ್ಟು ತಗೊಂಡಳು. ಅತ್ತವಳು, ಅದೂ ಹಿತ್ತಲಿಗೆ ಹೋಗಿ ಎಮ್ಮೆಯ ಹಗ್ಗ ಹಿಡಿದುಕೊಂಡು ಅತ್ತವಳು ಕಸ್ತೂರೆವ್ವ. ಯಾಕೆಂದರೆ ಆ ಮಾತು ಅವಳದಾಗಿರಲಿಲ್ಲ. ಅದು ಅವಳ ಅತ್ತೆಯ ಮಾತು. ಆರು ವರ್ಷದ ಹಿಂದೆ ಲಿಂಗೈಕ್ಯಳಾದ ಮುದುಕಿ ಅದೇ ರಾಗದಲ್ಲಿ, ಅದೇ ಒಲೆಯ ಮುಂದೆ, ಇಪ್ಪತ್ತಾರು ವರ್ಷ ಅವಳಿಗೆ ಅಂದ ಮಾತು. ಮುದುಕಿ ಸತ್ತಳೆಂದು ಕಸ್ತೂರೆವ್ವ ನಂಬಿದ್ದಳು. ಈಗ ನೋಡಿದರೆ ತನ್ನ ಗಂಟಲಲ್ಲೇ ಮನೆ ಮಾಡಿಕೊಂಡಿದ್ದಳು.

ಹಾಗಾಗಿ ಆ ಖೋಲಿಯೊಳಗೆ ಹೋದಳು. ಒಂದು ಟೇಬಲ್ಲು, ಎರಡು ಪ್ಲಾಸ್ಟಿಕ್ ಕುರ್ಚಿ, ಟಕಟಕ ಅನ್ನುವ ಫ್ಯಾನು. ಟೇಬಲ್ಲಿನ ಆಚೆಗೆ ರುಬಿಯಾ ಅಂತ ಮೂವತ್ತರ ಒಳಗಿನ ಹುಡುಗಿ. ಔಷಧ ಕೊಡುವ ಡಾಕ್ಟರಲ್ಲ, ಮಾತಾಡಿಸುವವಳು; ವಾರಕ್ಕೊಂದು ದಿನ ಧಾರವಾಡದಿಂದ ಬರುತ್ತಿದ್ದಳು. ಹಡೆದ ಹೊಟ್ಟೆಯಲ್ಲ, ನೂಕಿದ ಸಂಸಾರವಲ್ಲ, ಈ ಕೂಸು ನನಗೇನು ಬುದ್ಧಿ ಹೇಳೀತು ಎಂದು ಕಸ್ತೂರೆವ್ವ ಗಟ್ಟಿಯಾಗಿ ಕುಂತಳು. ಆದರೆ ರುಬಿಯಾ ಬುದ್ಧಿ ಹೇಳಲೇ ಇಲ್ಲ. ಊಟ ಕೇಳಿದಳು, ನಿದ್ದೆ ಕೇಳಿದಳು, ಆಮೇಲೆ ಸುಮ್ಮನಾದಳು. ಸುಮ್ಮನೆ ಕುಂತವರ ಮುಂದೆ ಸುಮ್ಮನೆ ಕೂರುವುದು ಕಸ್ತೂರೆವ್ವನ ಜಾಯಮಾನದಲ್ಲೇ ಇಲ್ಲ. ತಾಟಿನ ಸಂಗತಿ ಬಾಯಿಂದ ಹೊರಗೆ ಬಿತ್ತು. ಹೇಳಿ ಮುಗಿಸಿ, ಈಗ ಬೈಯುತ್ತಾಳೆ ಎಂದು ಕಾದಳು. ರುಬಿಯಾ ಬೈಯಲಿಲ್ಲ, ಆ ಮಾತು ಮೊದಲು ಯಾರು ಯಾರಿಗೆ ಅಂದಿದ್ದರು ಎಂದು ಕೇಳಿದಳು.

ರೋಹಿಣಿ ಬಾಯಿ ಬಿಡುವವಳಲ್ಲ, ಆದರೆ ಮುಂದಿನ ಮಂಗಳವಾರಕ್ಕೆ ಮನೆಯಲ್ಲಿ ಏನಾದರೂ ಹೇಳಲೇಬೇಕಿತ್ತು. ಹುಚ್ಚರ ಡಾಕ್ಟರ ಹತ್ತಿರ ಹೋಗುತ್ತೇನೆ ಅನ್ನಲು ಸಾಧ್ಯವೇ? ಊರ ಬಾಯಿಗೆ ಮುಚ್ಚಳವಿಲ್ಲ. ಕಸ್ತೂರೆವ್ವಗ ತಲಿ ಕೆಟ್ಟೈತಿ ಎಂದು ಒಬ್ಬಳು ಅಂದರೆ ಸಾಕು, ಸಂಜೆಯೊಳಗೆ ಅಗಸಿ ಬಾಗಿಲಿನಿಂದ ಹರಿಜನಕೇರಿಯವರೆಗೆ ಅವಳನ್ನು ಸಂಕಲೆಯಲ್ಲಿ ಕಟ್ಟಿ ಹಾಕಿದ ಸುದ್ದಿ ಹರಿದಾಡುತ್ತದೆ. ಹರಕೆಯಾದರೆ ಯಾರೂ ಯಾಕೆಂದು ಕೇಳುವುದಿಲ್ಲ. ಕೇಳಬಾರದು ಎಂಬ ಪದ್ಧತಿಯೇ ಇದೆ. ಹೊತ್ತವರು ಬಾಯಿ ಬಿಟ್ಟರೆ ಹರಕೆ ಫಲಿಸುವುದಿಲ್ಲ. ಯಮನೂರಿಗೆ ಎಲ್ಲ ಜಾತಿಯವರೂ ಹೋಗುತ್ತಾರೆ, ನವಲಗುಂದದ ಮೇಲಿಂದಲೇ ಬಸ್ಸು. ಇಷ್ಟು ಸಲೀಸಾದ ಸುಳ್ಳು ಸಿಕ್ಕಿದ್ದಕ್ಕೆ ಅವಳು ದೇವರಿಗೇ ಕೈ ಮುಗಿದಳು.

ಮಂಗಳವಾರ ಬೆಳಿಗ್ಗೆ ಕಸ ಮುಸುರೆ ಮುಗಿಸಿ, ಆಧಾರ ಕಾರ್ಡು ತೋರಿಸಿ ಪುಕ್ಕಟೆ ಚೀಟಿ ತಗೊಂಡು, ಬಸ್ಸಿನಲ್ಲಿ ಕುಲುಕಾಡಿಕೊಂಡು ಹೋಗುವಳು. ದವಾಖಾನೆಯ ಬೆಂಚಿನ ಮೇಲೆ ತಾಸೆರಡು ತಾಸು ಕಾಯುವಳು. ಬರುವಾಗ ಪೇಟೆಯ ಅಂಗಡಿಯಲ್ಲಿ ಸಕ್ಕರೆ ಕಟ್ಟಿಸಿಕೊಂಡು ಬಂದು ಮನೆಯವರ ಅಂಗೈಗೆ ಪ್ರಸಾದವೆಂದು ಹಾಕುವಳು. ಗೌರೀಶ ಬಾಯಿಗೆ ಎಸೆದುಕೊಳ್ಳುತ್ತಿದ್ದ. ನಂದಾ ಮಾತ್ರ ಎರಡೂ ಕೈ ಒಡ್ಡಿ, ಕಣ್ಣಿಗೊತ್ತಿಕೊಂಡು, ಒಂದು ಹರಳೂ ಕೆಳಗೆ ಬೀಳದಂತೆ ತಿನ್ನುತ್ತಿದ್ದಳು. ಸಣ್ಣ ವಯಸ್ಸಿಗೇ ಎಷ್ಟು ಭಕ್ತಿ ಎಂದುಕೊಂಡಳು ಕಸ್ತೂರೆವ್ವ. ಅವಳಿಗೆ ಅಲ್ಲಿಗೂ ತಿಳಿಯಲಿಲ್ಲ.

ನಾಲ್ಕನೇ ಮಂಗಳವಾರ ಅವಳು ರುಬಿಯಾಳ ಮುಂದೆ ಮೂವತ್ತು ವರ್ಷದ ಹಿಂದಿನ ಒಂದು ಕೂಸಿನ ಮಾತು ತೆಗೆದಳು. ಗೌರೀಶನಿಗಿಂತ ಮೊದಲು ಹುಟ್ಟಿದ ಹೆಣ್ಣುಕೂಸು, ಎರಡು ದಿನ ಉಸಿರಾಡಿತ್ತು. ಹನ್ನೊಂದನೇ ದಿನಕ್ಕೆ ಅತ್ತೆ ಅವಳನ್ನು ಹತ್ತಿ ಬಿಡಿಸಲು ಹೊಲಕ್ಕೆ ಕಳಿಸಿದ್ದಳು. ಎದೆಯ ಹಾಲು ಕುಪ್ಪಸ ತೋಯಿಸುತ್ತಿತ್ತು, ಅವಳು ಹತ್ತಿ ಬಿಡಿಸುತ್ತಿದ್ದಳು. ಇದನ್ನು ತಾಯಿಗೂ ಹೇಳಿರಲಿಲ್ಲ, ಗಂಡನಿಗಂತೂ ಹೇಳಿರಲೇ ಇಲ್ಲ. ರುಬಿಯಾ ಎದ್ದು ಬಂದು ಬಾಜು ಕುರ್ಚಿಯಲ್ಲಿ ಕುಂತಳು. ಅವತ್ತು ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದ ಕಸ್ತೂರೆವ್ವ ಊರು ದಾಟಿ ಎರಡು ಊರು ಮುಂದೆ ಇಳಿದು, ಬಿಸಿಲಿನಲ್ಲಿ ತಿರುಗಿ ನಡೆದುಕೊಂಡು ಬಂದಳು. ಕಾಲು ಸೋತಿದ್ದವು. ಆದರೂ ಸಿಟ್ಟು ಬರಲಿಲ್ಲ, ಅದೇ ಅವಳಿಗೆ ಆಶ್ಚರ್ಯ.

ರುಬಿಯಾ ಮನೆಗೆಲಸ ಎಂದು ಸಣ್ಣ ಸಣ್ಣದ್ದು ಕೊಡುತ್ತಿದ್ದಳು. ಸಿಟ್ಟು ಎಲ್ಲಿಂದ ಏಳುತ್ತದೆ ನೋಡಿಕೊಳ್ಳಿ, ಹೊಟ್ಟೆಯಿಂದಲೋ, ನೆತ್ತಿಯಿಂದಲೋ. ಎದ್ದಾಗ ಒಲೆಯ ಮುಂದಿಂದ ಎದ್ದು ಹೋಗಿ ಒಂದು ಚರಿಗೆ ನೀರು ಕುಡಿಯಿರಿ. ದಣಿವಾದರೆ ಬೈಯಬೇಡಿ, ದಣಿವಾಗಿದೆ ಅನ್ನಿರಿ. ಅಯ್ಯ, ಇದೇನು ದೊಡ್ಡ ವಿದ್ಯೆ ಎಂದುಕೊಂಡ ಕಸ್ತೂರೆವ್ವನಿಗೆ ಮಾಡಲು ಹೋದಾಗ ಗೊತ್ತಾಯಿತು, ಮೂವತ್ತು ವರ್ಷ ಬಲಗೈಯಿಂದ ಉಳ್ಳಾಗಡ್ಡಿ ಹೆಚ್ಚಿದವಳಿಗೆ ಇದ್ದಕ್ಕಿದ್ದಂತೆ ಎಡಗೈಯಿಂದ ಹೆಚ್ಚಲು ಹೇಳಿದರೆ ಕೈ ಎಷ್ಟು ತಡವರಿಸುತ್ತದೋ ಅಷ್ಟು ತಡವರಿಸಿತು ನಾಲಿಗೆ. ಆದರೂ ಮಾಡಿದಳು. ನೀರು ಕುಡಿದು ಕುಡಿದು ಹೊಟ್ಟೆ ಕೊಡವಾಯಿತು. ಒಂದು ದಿನ ಒಲೆಯ ಮುಂದಿಂದ ಎದ್ದು, ನನಗ ಸಾಕಾಗೈತಿ, ಇವತ್ತ ನೀನ ಮಾಡು ಅಂದಳು, ಬರೀ ಅಷ್ಟು, ಹಿಂದೆ ಮುಂದೆ ಬೈಗುಳವಿಲ್ಲದೆ. ನಂದಾ ಹಿಟ್ಟಿನ ಕೈ ಹಾಗೇ ಹಿಡಿದು ಅವಳ ಮುಖ ನೋಡಿದಳು. ಆ ನೋಟದಲ್ಲಿ ಸಮಾಧಾನವಿರಲಿಲ್ಲ, ಅಂಜಿಕೆಯಿತ್ತು. ಕಸ್ತೂರೆವ್ವ ಅದನ್ನು ಗಮನಿಸಲಿಲ್ಲ. ತಾನು ಬದಲಾಗುತ್ತಿರುವ ಸಂಭ್ರಮದಲ್ಲಿ ಎದುರಿನವಳ ಮುಖ ಓದುವುದನ್ನೇ ಮರೆತಿದ್ದಳು.

ನಂದಾಳ ಕಡೆಯಿಂದ ನೋಡಿದರೆ ಲೆಕ್ಕ ಬೇರೆಯೇ ಇತ್ತು. ಮದುವೆಯಾಗಿ ನಾಲ್ಕು ವರ್ಷ, ಮಡಿಲು ತುಂಬಿಲ್ಲ. ಅತ್ತೆ ಇದ್ದಕ್ಕಿದ್ದಂತೆ ಹನ್ನೊಂದು ಮಂಗಳವಾರದ ಹರಕೆ ಹೊರುತ್ತಾಳೆ, ಯಾಕೆಂದು ಹೇಳುವುದಿಲ್ಲ. ಪ್ರಸಾದ ತಂದು ಕೈಗೆ ಹಾಕುತ್ತಾಳೆ. ಬೈಯುವವಳು ಬೈಯುವುದನ್ನೇ ಬಿಡುತ್ತಾಳೆ. ಹರಕೆ ಯಾತಕ್ಕೆ ಎಂದು ಯಾರಾದರೂ ಹೇಳಬೇಕೇ? ಹೇಳದಿದ್ದರೂ ಹೇಳುವವಳು ಒಬ್ಬಳಿದ್ದಳು. ರೇವವ್ವ ನೀರಿನ ನಳದ ಹತ್ತಿರ ನಾಲ್ಕು ಮಂದಿಯ ಮುಂದೆ, ಕಸ್ತೂರೆವ್ವ ಮೊಮ್ಮಗನ ಸಲುವಾಗಿ ಕಾಲು ಸವೆಸುತ್ತಿದ್ದಾಳೆ ಎಂದು ಹೊಗಳಿದಳು. ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಅಂದಂಗ, ಇನ್ನೊಬ್ಬಳು ತೊಟ್ಟಿಲು ಯಾರ ಮನೆಯಿಂದ ತರಬೇಕೆಂದೂ ಹೇಳಿದಳು. ಹನ್ನೊಂದು ತುಂಬಿದರೂ ಆಗದಿದ್ದರೆ ಏನು ಎಂದು ಮೂರನೆಯವಳು ಕೇಳಿದಾಗ, ಗಂಡು ಮಗ, ಇನ್ನೂ ವಯಸ್ಸೈತಲ್ಲ ಎಂದು ರೇವವ್ವ ನಕ್ಕಳು. ನಂದಾ ಅಲ್ಲೇ ಕೊಡ ಹಿಡಿದುಕೊಂಡು ನಿಂತಿದ್ದಳು.

ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ಪದ್ಧತಿ. ನಂದಾಳೂ ಹೋದಳು. ಉಂಡಿ ತಿಂದು, ಜೋಕಾಲಿ ಆಡಿ ಎಂಟು ದಿನಕ್ಕೆ ಬರಬೇಕಾದವಳು ಹದಿನೈದು ದಿನವಾದರೂ ಬರಲಿಲ್ಲ. ಗೌರೀಶ ಫೋನು ಮಾಡಿದರೆ ಮೈಯಲ್ಲಿ ಹುಷಾರಿಲ್ಲ ಅಂದಳು. ಕರೆದುಕೊಂಡು ಬರಲು ಹೋದರೆ ಎದುರಿಗೇ ಬರಲಿಲ್ಲ. ಅವರವ್ವ ಬಾಗಿಲಲ್ಲಿ ನಿಂತು ಮಾತಾಡಿ ಕಳಿಸಿದಳು. ಮಗ ಮನೆಗೆ ಬಂದು ಹೆಲ್ಮೆಟ್ಟು ಕಟ್ಟೆಯ ಮೇಲಿಟ್ಟು ಅವ್ವನ ಮುಖ ನೋಡದೆ ಹೇಳಿದ.

"ಅತ್ತಿಯವರ ಹರಕಿ ಮುಗೀಲಿ, ಆಮ್ಯಾಲ ಬ್ಯಾರೆ ಹುಡುಗಿ ನೋಡ್ಕೊಳ್ರಿ ಅಂತ ಹೇಳಿ ಕಳಿಸ್ಯಾಳ. ನನ್ನ ಮನಸ್ಸಿನಾಗ ಇಲ್ಲದ್ದನ್ನ ನೀ ಯಾಕ ದೇವರ ಮುಂದ ಇಟ್ಟಿ ಬೇ?"

ಕಸ್ತೂರೆವ್ವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಒಂದೊಂದೇ ನೆನಪಾಯಿತು: ಎರಡೂ ಕೈ ಒಡ್ಡಿ ತಿಂದ ಸಕ್ಕರೆ, ಮಂಗಳವಾರ ನಂದಾಳ ತಾಟಿನಲ್ಲಿ ರೊಟ್ಟಿ ಕಾಣದೆ ಇದ್ದದ್ದು. ಹುಡುಗಿ ಉಪವಾಸ ಮಾಡುತ್ತಿದ್ದಳು. ಅಂಗಡಿಯ ಸಕ್ಕರೆಗೆ ಉಪವಾಸ. ಮಗನಿಗೆ ಆಗಲೇ ನಿಜ ಹೇಳಬಹುದಿತ್ತು. ಆದರೆ ನಾನು ತಲಿ ದವಾಖಾನಿಗೆ ಹೋಗತೇನಪ್ಪಾ ಎಂದು ಹಡೆದ ಮಗನ ಮುಂದೆ ಅನ್ನುವುದಕ್ಕಿಂತ ಕೆಟ್ಟ ಅತ್ತೆ ಅನ್ನಿಸಿಕೊಳ್ಳುವುದೇ ಸುಲಭವಾಗಿ ಕಂಡಿತು.

ಮುಂದಿನ ಮಂಗಳವಾರ ರುಬಿಯಾಳ ಮುಂದೆ ಎಲ್ಲ ಹೇಳಿ, ನೀವ ಒಂದು ಹಾದಿ ತೋರಸ್ರಿ ಎಂದು ಕೇಳಿಕೊಂಡಳು. ಚೀಟಿಯಲ್ಲಿ ಬರೆದುಕೊಡ್ರಿ, ಇದು ಬಿಪಿ ದವಾಖಾನಿ ಅಂತ ಬರೀರಿ ಎಂದೂ ಅಂದಳು. ರುಬಿಯಾ ಬರೆದುಕೊಡಲಿಲ್ಲ. ನಿಜ ಹೇಳಿದರೆ ಏನಾಗುತ್ತದೆಂದು ಅಂಜಿಕೆ ಎಂದು ಕೇಳಿದಳು. ಹುಚ್ಚಿ ಅಂತಾರೆ ಅಂದಳು ಕಸ್ತೂರೆವ್ವ. ಹೇಳದಿದ್ದರೆ ಏನಾಗುತ್ತದೆ ಎಂದು ರುಬಿಯಾ ಮತ್ತೆ ಕೇಳಿದಳು. ಕಸ್ತೂರೆವ್ವ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಹೇಳದಿದ್ದರೆ ಆ ಹುಡುಗಿ ತನ್ನ ಬಸಿರು ನಿಲ್ಲದ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡು ತವರಲ್ಲೇ ಕೂರುತ್ತಾಳೆ. ಇದ್ದ ಒಂದು ಮನೆ ಎರಡಾಗುತ್ತದೆ. ಮುದುಕಿ ತನಗೆ ಮಾಡಿದ್ದಕ್ಕಿಂತ ದೊಡ್ಡದನ್ನು ತಾನು ಮಾಡಿದಂತಾಗುತ್ತದೆ, ಅದೂ ಬೈಯದೇ.

ಮೊದಲು ಗಂಡನಿಗೆ ಹೇಳಿದಳು. ಹೊಲದಲ್ಲಿ, ಹೆಸರಿನ ಕಾಯಿ ಬಿಡಿಸಿ ರಾಶಿ ಹಾಕಿದ ಹೊತ್ತಿನಲ್ಲಿ, ಬುತ್ತಿ ಬಿಚ್ಚುತ್ತ ಹೇಳಿದಳು. ಶಂಭುಲಿಂಗಪ್ಪ ಚಟ್ನಿ ಹಚ್ಚಿದ ತುತ್ತು ಕೈಯಲ್ಲೇ ಹಿಡಿದು, ಮಂದಿ ಏನಂದಾರು ಅಂದ. ಅದು ಅವನಿಂದ ಬರುತ್ತದೆಂದು ಅವಳಿಗೆ ಗೊತ್ತಿತ್ತು. ತುತ್ತು ನುಂಗಿ, ನೀರು ಕುಡಿದು, ಬದುವಿನ ಕಡೆ ನೋಡುತ್ತ ಅವನು ಇನ್ನೊಂದು ಮಾತು ಕೇಳಿದ.

"ಈಗ ನಿದ್ದಿ ಬರತೈತೇನು?"

"ಬರತೈತ್ರಿ."

"ಹಂಗಾರ ಹೋಗು. ಸೊಸೀನೂ ಕರಕೊಂಡು ಬಾ."

ಸೊಸೆಯನ್ನು ಕರೆಯಲು ಅತ್ತೆ ತಾನೇ ಬೀಗರ ಮನೆಗೆ ಹೋಗುವುದು ಆ ಕಡೆ ಇಲ್ಲ. ಗಂಡ ಹೋಗಬೇಕು, ಇಲ್ಲವೇ ನಾಲ್ಕು ಹಿರಿಯರು ಹೋಗಬೇಕು. ಅತ್ತೆಯೇ ಹೋದರೆ ಅವಳ ಮೂಗು ಕೆಳಗಾಯಿತು ಎಂದೇ ಲೆಕ್ಕ. ಕಸ್ತೂರೆವ್ವ ಹೋದಳು. ನವಲಗುಂದ, ಹುಬ್ಬಳ್ಳಿ, ಕಲಘಟಗಿ, ಮೂರು ಬಸ್ಸು. ಎರೆಯ ಕಪ್ಪು ಹೋಗಿ ಕೆಂಪು ಮಣ್ಣು ಬಂತು, ಭತ್ತದ ಗದ್ದೆ ಬಂತು. ಹುಬ್ಬಳ್ಳಿಯ ನಿಲ್ದಾಣದಲ್ಲಿ ಕುಂತಾಗ ತಿರುಗಿ ಹೋಗೋಣವೆನ್ನಿಸಿತು. ಮೊಣಕಾಲು ನೋಯುತ್ತಿತ್ತು, ಬಾಯಿ ಒಣಗಿತ್ತು. ಏಳುವುದಕ್ಕೆ ತ್ರಾಣವಿಲ್ಲದೆ ಕುಂತೇ ಇದ್ದಾಗ ಕಲಘಟಗಿ ಬಸ್ಸು ಎದುರಿಗೇ ಬಂದು ನಿಂತಿತು, ಹತ್ತಿದಳು.

ಬೀಗತಿ ಕಾಲಿಗೆ ನೀರು ಕೊಟ್ಟಳು, ಚಹಾ ಕೊಟ್ಟಳು, ಮುಖ ಮಾತ್ರ ಕೊಡಲಿಲ್ಲ. ಬೀಗರು ಗದ್ದೆಗೆ ಹೋಗಿದ್ದಾರೆ ಅಂದಳು. ಕಸ್ತೂರೆವ್ವ ಕಪ್ಪು ಕೆಳಗಿಟ್ಟು ನೆಟ್ಟಗೆ ಅಡುಗೆಮನೆಗೆ ನಡೆದಳು. ನಂದಾ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಿ ನೋಡಿ, ಸೆರಗು ಹೊದ್ದುಕೊಂಡು ಮತ್ತೆ ಅಕ್ಕಿಗೇ ಬಗ್ಗಿದಳು. ಬೀಗತಿ ಹಿಂದೆಯೇ ಬಂದು ಬಾಗಿಲಿಗೆ ನಿಂತಳು. ಇಬ್ಬರ ಮುಂದೆಯೂ ಹೇಳಬೇಕಾಯಿತು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು, ಒಂದೂ ನೆನಪಿಗೆ ಬರಲಿಲ್ಲ.

"ಯಮನೂರ ಹರಕಿ ಸುಳ್ಳು ನಂದಾ. ನಾ ಅಲ್ಲಿಗೆ ಒಂದು ದಿನಾನೂ ಹೋಗಿಲ್ಲ. ನವಲಗುಂದದಾಗ ಮನಸ್ಸಿನ ದವಾಖಾನಿಗೆ ಹೋಗತೇನಿ. ನನ್ನ ಸಿಟ್ಟಿಗೆ, ನನ್ನ ನಿದ್ದಿಗೆ. ನಿನ್ನ ಕೂಸಿನ ಸಲುವಾಗಿ ಅಲ್ಲ."

ಹುಚ್ಚರ ಡಾಕ್ಟರ ಹತ್ರ ಏನ್ರಿ ಎಂದು ಬೀಗತಿ ಬಾಗಿಲಿನಿಂದ ಕೇಳಿಯೇ ಬಿಟ್ಟಳು. ಹೌದ್ರಿ ಅಂದಳು ಕಸ್ತೂರೆವ್ವ. ಎರಡು ತಿಂಗಳು ಯಾವ ಮಾತಿಗೆ ಹೆದರಿ ಮನೆಮಂದಿಗೆಲ್ಲ ಸಕ್ಕರೆ ಹಂಚಿದ್ದಳೋ ಆ ಮಾತು ಬಂತು, ಹೋಯಿತು. ಬೀಗತಿ ಮೂಗಿನ ಮೇಲೆ ಬೆರಳಿಟ್ಟುಕೊಂಡು ನಿಂತಳು. ಭೂಮಿಯೇನೂ ಬಾಯಿ ಬಿಡಲಿಲ್ಲ.

ನಂದಾ ಮೊರದ ಅಂಚಿಗೆ ಬೆರಳಾಡಿಸುತ್ತ ಕುಂತಿದ್ದಳು. ಏಳು ಮಂಗಳವಾರ ನೀರೂ ಕುಡಿಯದೆ ಇದ್ದೆ ಎಂದು ಕಡೆಗೆ ಹೇಳಿದಳು, ಯಾರ ಮೇಲೂ ಸಿಟ್ಟಿಲ್ಲದವಳಂತೆ, ಬೇರೆ ಯಾರದೋ ಸಂಗತಿಯಂತೆ. ಆಮೇಲೆ ಮುಖ ಎತ್ತಿದಳು.

"ಅಲ್ಲಿ ತಾಟಿನ ಮಾತು ಹೇಳಿದ್ರೇನ್ರಿ?"

"ಹೇಳೀನಿ. ಮೊದಲನೇ ದಿನಾನ ಹೇಳೀನಿ."

"ಗುರ್ತಿಲ್ಲದವರ ಮುಂದ ಹೇಳಿದ್ರಿ ಅತ್ತಿ. ನನಗ ಹೇಳಲಿಲ್ಲ."

ಇದಕ್ಕೆ ಕಸ್ತೂರೆವ್ವ ಸಜ್ಜಾಗಿ ಬಂದಿರಲಿಲ್ಲ. ಆ ಖೋಲಿಯಲ್ಲಿ ಅತ್ತು, ಹಗುರಾಗಿ, ಬಸ್ಸಿನಲ್ಲಿ ನಿದ್ದೆ ಮಾಡಿಕೊಂಡು ಬಂದು ಅವಳು ಎಲ್ಲ ಮುಗಿಯಿತೆಂದು ತಿಳಿದಿದ್ದಳು. ಪೆಟ್ಟು ತಿಂದವಳು ಇಲ್ಲಿ ಕುಂತಿದ್ದಳು, ಇವಳು ಹಗುರಾದದ್ದು ಅಲ್ಲಿ. ಅವಳು ಗೋಡೆ ಹಿಡಿದು ನಿಧಾನ ನೆಲಕ್ಕೆ ಕುಂತಳು, ಸೊಸೆಯ ಸಮಕ್ಕೆ.

"ತಪ್ಪಾತು ನಂದಾ," ಅಂದಳು. ತನಗಿಂತ ಕಿರಿಯರಿಗೆ ಆ ಮಾತನ್ನು ಅವಳು ಹುಟ್ಟಿದಾಗಿನಿಂದ ಅಂದಿರಲಿಲ್ಲ. ಸ್ವರ ಬಹಳ ಸಣ್ಣದಾಗಿ ಬಂತು.

ಬೀಗತಿ ಮೂಗಿನಿಂದ ಬೆರಳು ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಇನ್ನೇನು, ಚೀಲ ತುಂಬಿಕೊಂಡು ಹೋಗು ಎಂದು ಮಗಳಿಗೆ ಹೇಳಲೂ ಶುರು ಮಾಡಿದಳು. ನಂದಾ ಏಳಲಿಲ್ಲ. ಮನೆಗೆ ಈಗಲೇ ಬರುವುದಿಲ್ಲ ಅಂದಳು. ಆದರೆ ಮಂಗಳವಾರ ನವಲಗುಂದಕ್ಕೆ ಬರುತ್ತೇನೆ, ಆ ಖೋಲಿಗೆ. ನೀವು ಹೇಳಿಕೊಂಡಿರಿ, ನನಗೂ ಹೇಳುವುದಿದೆ. ಕೂಸು ನಿಲ್ಲದ್ದಕ್ಕೆ ನಾನೂ ಅವರೂ ಬೇರೆ ಡಾಕ್ಟರನ್ನು ನೋಡುತ್ತೇವೆ, ಅದು ನಮ್ಮಿಬ್ಬರ ವಿಚಾರ, ಅದರಲ್ಲಿ ದೇವರನ್ನೂ ತರಬೇಡಿ, ರೇವವ್ವನನ್ನೂ ತರಬೇಡಿ. ಇಷ್ಟು ಉದ್ದ ಮಾತು ಸೊಸೆಯ ಬಾಯಿಂದ ಕಸ್ತೂರೆವ್ವ ನಾಲ್ಕು ವರ್ಷದಲ್ಲಿ ಕೇಳಿರಲಿಲ್ಲ. ಆಗಲೆಂದು ತಲೆಯಾಡಿಸಿ, ಬಂದ ಹಾಗೆಯೇ ಮೂರು ಬಸ್ಸು ಹತ್ತಿ ಒಬ್ಬಳೇ ಮನೆಗೆ ಬಂದಳು. ಆ ರಾತ್ರಿ ಗೌರೀಶನಿಗೆ ಎಲ್ಲ ಹೇಳಿದಳು. ಮರುದಿನ ನಳದ ಹತ್ತಿರ ಕೇಳಿದವರಿಗೂ ಹೇಳಿದಳು. ರೇವವ್ವ ಎರಡು ದಿನ ಇವರ ಮನೆಯ ಕಡೆ ಹಾಯಲಿಲ್ಲ, ಮೂರನೇ ದಿನ ತನಗೂ ನಿದ್ದೆ ಬರುವುದಿಲ್ಲ ಎಂದು ಮೆಲ್ಲಗೆ ಹೇಳಿಕೊಂಡು ಬಂದಳು.

ಮಂಗಳವಾರ ನಂದಾ ಬಂದಳು. ಕೈಯಲ್ಲಿ ಬಟ್ಟೆಯ ಚೀಲ ಇರಲಿಲ್ಲ. ರುಬಿಯಾ ಇನ್ನೊಂದು ಕುರ್ಚಿ ಹಾಕಿಸಿ, ಒಬ್ಬರು ಹೇಳುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕಬಾರದು ಎಂದು ಇಬ್ಬರಿಗೂ ತಿಳಿಸಿದಳು. ಕಸ್ತೂರೆವ್ವ ತಾಟಿನ ಮಾತಿಗೆ ಗಟ್ಟಿ ಮನಸ್ಸು ಮಾಡಿಕೊಂಡು ಬಂದಿದ್ದಳು. ಅದನ್ನು ಕೇಳಿ, ಇನ್ನೊಮ್ಮೆ ತಪ್ಪಾತು ಅಂದು, ಸಂಜೆಯ ಬಸ್ಸಿಗೆ ಇಬ್ಬರೂ ಕೂಡಿ ಹೋಗಬಹುದು ಎಂಬ ಆಸೆ ಅವಳಿಗೆ ಒಳಗೊಳಗೇ ಇತ್ತು.

ನಂದಾ ತಾಟಿನ ಮಾತು ತೆಗೆಯಲೇ ಇಲ್ಲ. ಮದುವೆಯಾದ ವರ್ಷದ ಸಂಕ್ರಾಂತಿಯಿಂದ ಶುರು ಮಾಡಿದಳು.

"ನಮ್ಮಪ್ಪ ಹೊಸ ಅಕ್ಕಿ ಚೀಲ ತಲೀ ಮ್ಯಾಲ ಹೊತ್ತುಕೊಂಡು ಬಂದಿದ್ದಾ. ಬಸ್ ನಿಲ್ಲೂವಲ್ಲಿಂದ ಮನೀತನಕ. ನೀವು ಕಟ್ಟೀ ಮ್ಯಾಲ ಕುಂತಿದ್ರಿ. ಇಲ್ಲಿ ಅಕ್ಕಿ ಯಾರ ತಿಂತಾರ, ಎಮ್ಮಿಗೆ ಹಾಕ್ರಿ ಅಂದ್ರಿ. ಎಲ್ಲಾರೂ ನಕ್ರು. ಅಪ್ಪನೂ ನಕ್ಕ. ಅವತ್ತಿಂದ ಅಂವ ನಿಮ್ಮ ಮನೀ ಒಳಗ ಕಾಲಿಟ್ಟಿಲ್ರಿ. ನನ್ನ ನೋಡಾಕ ಬಂದ್ರ ಬಸ್ ಸ್ಟ್ಯಾಂಡಿನಾಗ ನಿಂತು ಫೋನ್ ಮಾಡತಾನ. ನಾ ಕಿರಾಣಿ ತರೂ ನೆಪಾ ಮಾಡಿ ಹೋಗಿ ಮಾತಾಡಿಸಿ ಬರತೇನಿ."

ಕಸ್ತೂರೆವ್ವ ಆ ಸಂಕ್ರಾಂತಿಯನ್ನು ನೆನಪಿನಲ್ಲಿ ಹುಡುಕಿದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ನೆನಪಾಯಿತು, ಅವತ್ತು ಉಟ್ಟ ಇಳಕಲ್ ಸೀರೆ ನೆನಪಾಯಿತು. ಅಕ್ಕಿಯ ಚೀಲ ನೆನಪಾಗಲಿಲ್ಲ, ಅದನ್ನು ಹೊತ್ತ ಮನುಷ್ಯ ನೆನಪಾಗಲಿಲ್ಲ, ತಾನು ಅಂದ ಮಾತು ಎಷ್ಟು ಕೆದಕಿದರೂ ಸಿಗಲಿಲ್ಲ. ಸಿಟ್ಟಿನಲ್ಲಿ ಅಂದದ್ದಕ್ಕೆಲ್ಲ ಅವಳು ಈ ಎರಡು ತಿಂಗಳು ಅತ್ತಿದ್ದಳು. ಇದು ನಗುನಗುತ್ತ ಅಂದದ್ದು. ಚಾಷ್ಟಿಗೆ, ನಗಸಾಕ ಅಂದಿರಬೇಕವ್ವಾ ಎಂದು ಹೇಳಲು ಬಾಯಿ ತೆರೆದಳು. ರುಬಿಯಾ ಅವಳ ಕಡೆ ನೋಡಿದಳು. ಕಸ್ತೂರೆವ್ವ ಬಾಯಿ ಮುಚ್ಚಿದಳು.

ನಂದಾ ಕಣ್ಣೊರೆಸಿಕೊಂಡು ಅತ್ತೆಯನ್ನು ನೋಡಿದಳು.

"ಇದು ಒಂದಾತ್ರಿ. ಇನ್ನೂ ಅದಾವು."

ಹೊರಗೆ ಅವರ ಊರಿನ ಬಸ್ಸಿನ ಹೊತ್ತಾಗಿತ್ತು. ಕಸ್ತೂರೆವ್ವನಿಗೆ ಸೊಂಟ ಹಿಡಿದಿತ್ತು, ಕಣ್ಣು ಉರಿಯುತ್ತಿದ್ದವು, ಎದ್ದು ಹೋಗಿ ಎಲ್ಲಾದರೂ ಮಲಗಿದರೆ ಸಾಕೆನ್ನಿಸುತ್ತಿತ್ತು. ಅವಳು ಏಳಲಿಲ್ಲ. ಕುರ್ಚಿಯನ್ನು ಸೊಸೆಯ ಕಡೆ ಸ್ವಲ್ಪ ತಿರುಗಿಸಿಕೊಂಡು, ಹೇಳು ಅಂದಳು.